ಏಪ್ರಿಲ್ ತಿಂಗಳ ರಂಬುಟಾನ್

ಗಂಡ ತೀರಿಹೋದ ವರ್ಷ ಸೆಪಿಯಾ ಹಿತ್ತಿಲ ರಂಬುಟಾನ್ ಮರದ ಕೊಂಬೆಗೆ ಒಂದು ತಂತಿ ಬಿಗಿದಳು. ಬಟ್ಟೆ ಒಣಹಾಕಲು ಬೇರೆ ಜಾಗವಿರಲಿಲ್ಲ, ಅಷ್ಟೇ ಕಾರಣ. ಆಮೇಲೆ ಅದನ್ನು ಬಿಚ್ಚುವುದು ಮರೆತೇಹೋಯಿತು. ತಂತಿ ತೊಗಟೆಯೊಳಕ್ಕೆ ಕಚ್ಚಿಕೊಂಡು ಕೂತಿತು. ಎರಡು ವರ್ಷ ಕಳೆದು ಒಂದು ಏಪ್ರಿಲ್‌ನಲ್ಲಿ, ಊರಿನ ಯಾವ ಮರದಲ್ಲೂ ಕಾಯಿಯ ಸುಳಿವೇ ಇಲ್ಲದಿದ್ದಾಗ, ಆ ಒಂದು ಕೊಂಬೆ ಮಾತ್ರ ಕೆಂಪು ಗೊಂಚಲು ಬಿಟ್ಟು ನೆಲದ ಕಡೆಗೆ ಬಾಗಿತು.

ಮಲೇಷ್ಯಾದ ಪೆರಾಕ್ ನದಿಯ ದಂಡೆಯ ಮೇಲಿರುವ ಪಾಯಾ ಲಿಂತಾ ಎಂಬ ನಮ್ಮ ಹಳ್ಳಿಯಲ್ಲಿ ಇಂಥದ್ದು ಕಂಡರೆ ಜನ ಮೊದಲು ಹೇಳುವುದು ಜಿನ್ನಿನ ಹೆಸರು. ಸೆಪಿಯಾ ಜಿನ್ನನ್ನು ಹುಡುಕಲಿಲ್ಲ, ಏಣಿ ಹತ್ತಿ ತಂತಿಯನ್ನು ನೋಡಿದಳು. ಇಪ್ಪತ್ತು ವರ್ಷ ರಬ್ಬರ್ ಮರ ಗೀರಿದ ಕೈ ಅವಳದು. ತೊಗಟೆ ಎಷ್ಟು ಆಳ, ಎಲ್ಲಿಂದಾಚೆ ಕೊಯ್ದರೆ ಮರಕ್ಕೆ ನೋವು ಎಂಬುದು ಕಣ್ಣುಮುಚ್ಚಿದರೂ ತಿಳಿಯುತ್ತಿತ್ತು. ಮುಂದಿನ ಅಕ್ಟೋಬರ್‌ನಲ್ಲಿ ಹಳೆಯ ಗೀರುಚಾಕು ಹಿಡಿದು ಮೂರು ಕೊಂಬೆಗಳ ಸುತ್ತ ಉಗುರಿನಷ್ಟು ಅಗಲದ ತೊಗಟೆಯನ್ನು ಬಳೆಯಂತೆ ಸುಲಿದಳು. ಒಂದು ಕೊಂಬೆ ಒಣಗಿತು. ಒಂದು ಸುಮ್ಮನಿತ್ತು. ಒಂದು ಹೂ ಬಿಟ್ಟಿತು. ಹೀಗೆ ಆರು ವರ್ಷ ಒದ್ದಾಡಿ, ಬುಡಕ್ಕೆ ಮಳೆನೀರು ಇಳಿಯದಂತೆ ಟಾರ್ಪಾಲ್ ಹಾಸುವುದನ್ನೂ ಕಾಲುವೆ ತೋಡುವುದನ್ನೂ ತಾನೇ ಕಲಿತು, ಇಪ್ಪತ್ತೆಂಟು ಮರಗಳಲ್ಲಿ ಅಕಾಲದ ಹಣ್ಣು ತೆಗೆಯುವ ಹೊತ್ತಿಗೆ ಅವಳಿಗೆ ಅರವತ್ತಾಗಿತ್ತು. ಊರಿನ ಮಕ್ಕಳು ಅವಳನ್ನು ಓಪಾ ಎಂದು ಕರೆಯಲು ಶುರುಮಾಡಿದ್ದರು. ನಮ್ಮ ಕಡೆ ಅಜ್ಜಿಗೆ ಹಾಗೆನ್ನುವುದು.

ಇಪೊ ಪಟ್ಟಣದಿಂದ ಲಾವ್ ಎಂಬ ಹಣ್ಣಿನ ವ್ಯಾಪಾರಿ ಬಂದು ನೋಡಿದ, ತಿಂದ, ತಲೆ ಕೆರೆದುಕೊಂಡ. "ಏಪ್ರಿಲ್‌ನಲ್ಲಿ ದುಬೈಯವರು ಇದನ್ನ ಕಣ್ಣಿಗೊತ್ಕೋತಾರೆ ಕಾಕ್" ಎಂದ. ಕಾಕ್ ಅಂದರೆ ಅಕ್ಕ. ಅಲ್ಲಿಂದ ಪ್ರತಿ ಏಪ್ರಿಲ್ ಹಣ್ಣು ವಿಮಾನ ಹತ್ತತೊಡಗಿತು. ಸೆಪಿಯಾ ಸ್ವತಃ ಎಂದೂ ವಿಮಾನ ಹತ್ತಿದವಳಲ್ಲ. ಪೆಟ್ಟಿಗೆ ಹೋದ ದಿನ ಅಂಗಳದಲ್ಲಿ ನಿಂತು ತಲೆಯ ಮೇಲೆ ಹಾದುಹೋಗುವ ಯಾವ ವಿಮಾನ ಕಂಡರೂ "ಇದೇ ಇರ್ಬೇಕು" ಎನ್ನುತ್ತಿದ್ದಳು. ಅದು ಜಪಾನಿಗೆ ಹೋಗುವುದೋ ಪೆನಾಂಗಿಗೆ ಹೋಗುವುದೋ ಅವಳಿಗೆ ಬೇಕಿರಲಿಲ್ಲ.

ಹಾಗೆ ಕಳಿಸತೊಡಗಿದ ಆರನೆಯ ವರ್ಷ ಅರವತ್ತೆರಡು ಪೆಟ್ಟಿಗೆ ಹೋಯಿತು. ಅವನ್ನು ಹೊತ್ತ ವಿಮಾನ ಇನ್ನೂರ ಹನ್ನೊಂದು ಜನರ ಸಮೇತ ಸಮುದ್ರದ ಮೇಲೆಲ್ಲೋ ರಾಡಾರ್ ಪರದೆಯಿಂದ ಅಳಿಸಿಹೋಯಿತು. ಒಂದು ಮಾತಿಲ್ಲ, ಒಂದು ಕೂಗಿಲ್ಲ, ಆಮೇಲೆ ಒಂದು ಚೂರೂ ಸಿಗಲಿಲ್ಲ.

ಮೊದಲ ಹತ್ತು ದಿನ ಊರು ಸರಿಯಾಗಿಯೇ ಇತ್ತು. ಊರಿನ ಪುಟ್ಟ ಮಸೀದಿ ಸುರಾವಿನಲ್ಲಿ ಪ್ರಾರ್ಥನೆ ನಡೆಯಿತು, ಹೆಂಗಸರು ಕೂತು ಕುರಾನಿನ ಯಾಸೀನ್ ಅಧ್ಯಾಯ ಓದಿದರು, ಸೆಪಿಯಾ ಅಳುತ್ತ ಓದಿದಳು. ಹನ್ನೊಂದನೆಯ ದಿನ ವಿಮಾನದಲ್ಲಿದ್ದ ಸರಕಿನ ಪಟ್ಟಿ ಅಂತರ್ಜಾಲಕ್ಕೆ ಸೋರಿತು. ಅದರಲ್ಲಿ ರಂಬುಟಾನ್ ಅಂತ ಒಂದು ಸಾಲಿತ್ತು. ಯಾವನೋ ಪುಣ್ಯಾತ್ಮ ಅದರ ಕೆಳಗೆ ಬರೆದ: ಮಲೇಷ್ಯಾದಲ್ಲಿ ಏಪ್ರಿಲ್‌ನಲ್ಲಿ ರಂಬುಟಾನ್ ಆಗುವುದೇ ಇಲ್ಲ.

ಮುಗಿಯಿತು. ಸಂಜೆಯೊಳಗೆ ಆ ಮಾತು ಲಕ್ಷ ಜನರ ಫೋನಿಗೆ ಹೋಗಿತ್ತು. ಸೆಪಿಯಾಳ ಮಗಳು ಹಸ್ನಿಜಾ ಶಾಲೆಯಲ್ಲಿ ಗುಮಾಸ್ತೆ. ಮನೆಗೆ ಬಂದವಳೇ ಬಾಗಿಲಲ್ಲೇ ನಿಂತು ಓದಿದಳು.

"ಮಾಕ್, ಪೆಟ್ಟಿಗೇಲಿ ಬ್ಯಾಟರಿ ಇತ್ತಂತೆ. ಇನ್ನೊಬ್ಬ ಚಿನ್ನ ಅಂತಾನೆ. ಇನ್ನೊಬ್ಬ ಯಾವುದೋ ದೇಶದ ಗೂಢಚಾರರ ಯಂತ್ರ ಅಂತಿದಾನೆ."

"ನನ್ನ ಪೆಟ್ಟಿಗೇಲಾ?"

"ನಿನ್ನ ಪೆಟ್ಟಿಗೇಲೇ."

"ಆ ಪೆಟ್ಟಿಗೆ ಮುಚ್ಚಳ ಮುಚ್ಚಿದ್ದು ನಾನಲ್ವೇನೇ?"

ಮರುದಿನ ಸೆಪಿಯಾ ಕಾಫಿ ಅಂಗಡಿಗೆ ಸಕ್ಕರೆ ತರಲು ಹೋದರೆ ಅಲ್ಲಿ ಆಂಡಾಕ್ ಸಭೆ ನಡೆಸುತ್ತಿದ್ದ. ಅವನು ಸೆಪಿಯಾಳ ಗಂಡನ ಚಿಕ್ಕಪ್ಪನ ಮಗ, ಅಂಚೆ ಕಚೇರಿಯಿಂದ ನಿವೃತ್ತ. ಹಾಲಿನ ಚಹಾ ಒಂದು ಲೋಟ ಹಿಡಿದರೆ ಮಧ್ಯಾಹ್ನದ ತನಕ ಎಳೆಯುವ ಗಿರಾಕಿ.

"ಬಾ ಕಾಕ್ ಪಿಯಾ, ನಿನ್ನ ವಿಷಯಾನೇ ಮಾತಾಡ್ತಿದ್ವಿ. ಏಪ್ರಿಲ್‌ನಲ್ಲಿ ರಂಬುಟಾನ್ ಇರಲ್ಲ ಅಂತ ಇಡೀ ಪ್ರಪಂಚ ಹೇಳ್ತಿದೆಯಲ್ಲ."

"ಆಂಡಾಕ್, ಹೋದ ತಿಂಗಳು ನನ್ನ ಹಿತ್ತಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಎರಡು ಕಿಲೋ ತಿಂದು ಅಂಗಳದ ತುಂಬ ಸಿಪ್ಪೆ ಎಸೆದು ಹೋದೋನು ಯಾರೋ?"

"ನಾನೇ. ಇಲ್ಲ ಅಂದ್ನಾ? ನಾನು ತಿಂದಿದ್ದು ರಂಬುಟಾನೇ. ಪೆಟ್ಟಿಗೇಲಿ ಹೋಗಿದ್ದೂ ಅದೇ ಅಂತ ನಾನು ಹೆಂಗೆ ಆಣೆ ಮಾಡ್ಲಿ?"

ಸುತ್ತ ಕೂತವರು ಗಂಭೀರವಾಗಿ ತಲೆಯಾಡಿಸಿದರು. ಸೆಪಿಯಾ ಸಕ್ಕರೆ ಮರೆತು ಮನೆಗೆ ಬಂದಳು.

ಸರ್ಕಾರದಿಂದ ಇಬ್ಬರು ಅಧಿಕಾರಿಗಳು ಬಂದರು. ಶೂ ಬಿಚ್ಚಿಟ್ಟು ಒಳಗೆ ಬಂದು, ಕೊಟ್ಟ ಚಹಾ ಕುಡಿದು, ಮರ ಮರಕ್ಕೂ ಹೋಗಿ ಸುಲಿದ ಬಳೆಗಳನ್ನು ಅಳೆದರು, ಹಣ್ಣು ಕೊಯ್ದ ತೊಟ್ಟುಗಳ ಫೋಟೋ ತೆಗೆದರು, ಮಣ್ಣು ಎಲೆ ತುಂಬಿಕೊಂಡರು. ಇಬ್ಬರಲ್ಲಿ ಹಿರಿಯನು ಕೃಷಿ ಓದಿದವನು. "ಎಷ್ಟು ಚೆಂದ ಸುಲಿದಿದೀರಿ ಓಪಾ!" ಎಂದ. ಸೆಪಿಯಾಳಿಗೆ ಅಪ್ಪಿಕೊಳ್ಳುವಷ್ಟು ಸಂತೋಷವಾಯಿತು.

"ಹಾಗಾದ್ರೆ ಹೊರಗೆ ಹೋಗಿ ಜನಕ್ಕೆ ಹೇಳಪ್ಪಾ."

"ತನಿಖೆ ಮುಗಿಯೋ ತನಕ ನಾವು ಬಾಯಿ ಬಿಡೋ ಹಾಗಿಲ್ಲ ಓಪಾ."

"ಎಷ್ಟು ದಿನ?"

"ಗೊತ್ತಿಲ್ಲ."

ಗೊತ್ತಿದ್ದವರು ಬಾಯಿ ಮುಚ್ಚಿಕೊಂಡರು. ಗೊತ್ತಿಲ್ಲದವರು ಟಿವಿಯಲ್ಲಿ ಕೂತರು. ಪತ್ರಕರ್ತರ ಕಾರುಗಳು ಸಾಲುಗಟ್ಟಿ ಬಂದವು. ಹಣ್ಣು ಕೊಯ್ದು ಪೆಟ್ಟಿಗೆ ತುಂಬಿದ್ದು ಸೆಪಿಯಾಳೂ ಊರಿನ ಏಳು ಹೆಂಗಸರೂ. ಅವರಲ್ಲಿ ಪಕ್ಕದ ಮನೆಯ ಬೆದಾ ಒಬ್ಬಳು. ಇಪ್ಪತ್ತು ವರ್ಷದಿಂದ ಬೇಲಿಯ ಮೇಲಿಂದ ಸಾರು ಹಂಚಿಕೊಂಡ ಬೆದಾ ಹೊಸ ತಲೆವಸ್ತ್ರ ತೊಟ್ಟು, ತುಟಿಗೆ ಬಣ್ಣ ಹಚ್ಚಿ ಟಿವಿಯಲ್ಲಿ ಹೇಳಿದಳು: "ಎಲ್ಲಾ ಹಣ್ಣೇ. ಆದ್ರೆ ಒಂದು ಪೆಟ್ಟಿಗೆ ಎತ್ತೋವಾಗ ಸ್ವಲ್ಪ ಭಾರ ಅನ್ನಿಸ್ತು."

ಸೆಪಿಯಾ ಬೇಲಿಯ ಹತ್ತಿರ ಹೋಗಿ ನಿಂತಳು.

"ಬೆದಾ, ಯಾವ ಪೆಟ್ಟಿಗೆಯೇ ಭಾರ ಇದ್ದಿದ್ದು?"

"ಅಯ್ಯೋ, ಆ ಹುಡುಗಿ ಮೈಕು ಹಿಡ್ಕೊಂಡು ಪಾಪ, ಏನಾದ್ರೂ ಅನ್ಸಿತಾ, ಏನಾದ್ರೂ ಅನ್ಸಿತಾ ಅಂತ ಹತ್ತು ಸಲ ಕೇಳಿದ್ಲು ಕಾಕ್. ಏನೂ ಅನ್ಸಿಲ್ಲ ಅಂದ್ರೆ ಅಷ್ಟು ದೂರದಿಂದ ಬಂದೋಳಿಗೆ ಬೇಜಾರಾಗಲ್ವಾ?"

"ನನಗೆ ಬೇಜಾರಾಗಲ್ವಾ?"

"ನೀನು ಮನೆಯೋಳು" ಎಂದಳು ಬೆದಾ, ಅದೇ ದೊಡ್ಡ ಉತ್ತರವೆಂಬಂತೆ.

ಆ ಭಾರದ ಪೆಟ್ಟಿಗೆ ಒಂದು ವಾರದಲ್ಲಿ ಪ್ರಪಂಚ ಸುತ್ತಿತು. ತನ್ನನ್ನು ಕ್ಯಾಪ್ಟನ್ ಎಂದು ಕರೆದುಕೊಳ್ಳುವ ಒಬ್ಬ ತೈಪಿಂಗ್‌ನಿಂದ ಕ್ಯಾಮೆರಾ ಹಿಡಿದು ಬಂದ. ಮೋಟಾರ್ ಸೈಕಲ್ಲಿನ ಬಿಡಿಭಾಗ ಮಾರುತ್ತಿದ್ದವನು, ವಿಮಾನವನ್ನು ಹತ್ತಿರದಿಂದ ನೋಡಿದ್ದೂ ಅನುಮಾನ. ಮನೆಯ ಮುಂದೆ ನಿಂತು ಪಿಸುದನಿಯಲ್ಲಿ, "ಈ ಮನೆಯ ಹಿಂದೆ ನಿಜವಾಗಿ ಏನಿದೆ?" ಎಂದು ಕ್ಯಾಮೆರಾವನ್ನು ಕೇಳುತ್ತಿದ್ದ. ಸೆಪಿಯಾ ಕಡ್ಡಿಪೊರಕೆ ಹಿಡಿದೇ ಹೊರಬಂದಳು.

"ಹಿಂದೆ ಕಕ್ಕಸು ಇದೆ. ಹೋಗಿ ನೋಡ್ಕೊಂಡು ಬಾ."

ಆ ಚಿತ್ರವನ್ನು ಅವನು 'ಸತ್ಯ ಕೇಳಿದ್ದಕ್ಕೆ ಬೆದರಿಕೆ' ಎಂಬ ಹೆಸರಿನಲ್ಲಿ ಹಾಕಿದ. ಅದನ್ನು ಎಷ್ಟು ಜನ ನೋಡಿದರೆಂದರೆ, ಕ್ವಾಲಾ ಕಾಂಗ್ಸಾರ್ ಸಂತೆಯಲ್ಲಿ ಮೀನು ಮಾರುವವನೂ ಅವಳನ್ನು ಕಂಡು "ಓಪಾ, ಪೊರಕೆ ತಂದಿಲ್ವಾ ಇವತ್ತು?" ಎಂದು ನಕ್ಕ.

ನಗುವುದನ್ನಾದರೂ ಸಹಿಸಬಹುದಿತ್ತು. ಒಂದು ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಹಿತ್ತಿಲಿಗೆ ಹೋದರೆ, ಬಟ್ಟೆತಂತಿ ಕಟ್ಟಿದ್ದ ಆ ಮೊದಲ ಮರದ ಬುಡವನ್ನು ಯಾರೋ ಸೊಂಟದಾಳ ಅಗೆದಿದ್ದರು. ಚಿನ್ನ ಹೂತಿಟ್ಟಿದ್ದಾಳೆಂದು ಯಾರೋ ಬರೆದಿದ್ದರಂತೆ, ಯಾರೋ ನಂಬಿದರಂತೆ. ಬೇರುಗಳು ಕಡಿದ ಕೈಬೆರಳುಗಳ ಹಾಗೆ ಮಣ್ಣಿನಿಂದ ಹೊರಗೆ ಚಾಚಿದ್ದವು. ಸೆಪಿಯಾ ಗುಂಡಿಯ ಅಂಚಿನಲ್ಲಿ ಕೂತು, ಯಾರನ್ನು ಬಯ್ಯಬೇಕೆಂದೂ ತಿಳಿಯದೆ, ಬರಿಗೈಯಲ್ಲಿ ಮಣ್ಣು ತಳ್ಳಿ ಮುಚ್ಚತೊಡಗಿದಳು. ಬೆದಾ ಬೇಲಿ ದಾಟಿ ಬಂದು ಗುದ್ದಲಿ ಹಿಡಿದಳು. ಮರ ಮೂರು ತಿಂಗಳು ಎಲೆ ಉದುರಿಸಿ ಸತ್ತಿತು.

ಆಗ ಅವಳಿಗೆ ಹಠ ಬಂತು. ಉಳಿದಿದ್ದ ಒಬ್ಬ ಟಿವಿ ವರದಿಗಾರ್ತಿಯನ್ನು ಕರೆಸಿ, "ಮುಂದಿನ ಏಪ್ರಿಲ್‌ಗೆ ಬಾರಮ್ಮಾ. ಇದೇ ಹಿತ್ತಿಲಲ್ಲಿ ಕಿತ್ತು ನಿನ್ನ ಬಾಯಿಗೇ ಹಾಕ್ತೀನಿ. ಆಮೇಲೆ ಬರ್ಕೋ" ಎಂದಳು. ಅದು ಸುದ್ದಿಯಾಯಿತು. ಏಪ್ರಿಲ್ ಬರಲಿ ನೋಡೋಣ ಎಂದು ದೇಶವೇ ಕಾದಂತಾಯಿತು.

ಆ ವರ್ಷ ನವೆಂಬರ್‌ನಲ್ಲಿ ನದಿ ಉಕ್ಕಿತು. ಟಾರ್ಪಾಲುಗಳು ತೇಲಿಹೋದವು. ಮೂರು ವಾರ ಬೇರುಗಳು ನೀರಲ್ಲಿ ನಿಂತವು. ಏಪ್ರಿಲ್‌ನಲ್ಲಿ ವರದಿಗಾರ್ತಿ ಬಂದಾಗ ಮರಗಳಲ್ಲಿ ಹಸಿರೆಲೆ ಬಿಟ್ಟು ಏನೂ ಇರಲಿಲ್ಲ.

"ಪ್ರವಾಹ ಬಂತು ಅಂತ ಹೇಳೇ ತಾಯಿ. ನೀರು ನಿಂತ್ರೆ ಇದು ಹೂ ಬಿಡಲ್ಲ."

"ಹೇಳ್ತೀನಿ ಓಪಾ" ಎಂದಳು ಹುಡುಗಿ. ಹೇಳಿದಳೋ ಇಲ್ಲವೋ, ಟಿವಿಯಲ್ಲಿ ಬಂದದ್ದು ಹಣ್ಣಿಲ್ಲದ ಕೊಂಬೆಗಳ ಚಿತ್ರ ಮಾತ್ರ. ಆಂಡಾಕ್ ಕಾಫಿ ಅಂಗಡಿಯಲ್ಲಿ ಎರಡು ಕೈ ಎತ್ತಿ, "ನಾನೇನೂ ಹೇಳಲ್ಲಪ್ಪ, ಮರಾನೇ ಹೇಳ್ತಿದೆ" ಎಂದನಂತೆ.

ಅದರ ಮುಂದಿನ ವರ್ಷ ಮಳೆ ಮಿತವಾಗಿತ್ತು. ಸೆಪಿಯಾ ಎರಡು ಪದರ ಟಾರ್ಪಾಲ್ ಹಾಸಿದಳು, ಕಾಲುವೆ ಆಳ ಮಾಡಿಸಿದಳು, ಮೊಣಕಾಲು ಕೇಳದಿದ್ದರೂ ತಾನೇ ಏಣಿ ಹತ್ತಿ ಸುಲಿದಳು. ಏಪ್ರಿಲ್‌ನಲ್ಲಿ ಹಿತ್ತಿಲು ಕೆಂಪಾಯಿತು. ಎಂಥ ಹಣ್ಣು! ವರದಿಗಾರ್ತಿಗೆ ಫೋನ್ ಮಾಡಿಸಿದಳು.

"ಓಪಾ, ಈಗ ಅದು ಹಳೇ ಸುದ್ದಿ. ನಮ್ಮ ಸಂಪಾದಕರು ಬೇಡ ಅಂತಾರೆ."

ಹಸ್ನಿಜಾ ತಾನೇ ಹಣ್ಣಿನ ಫೋಟೋ ತೆಗೆದು ಹಾಕಿದಳು. ಕೆಳಗೆ ಮೊದಲು ಬಂದ ಉತ್ತರವನ್ನು ಅಮ್ಮನಿಗೆ ಓದಿ ಹೇಳಲೋ ಬೇಡವೋ ಎಂದು ತಡೆದು, ಓದಿದಳು: ಸಾಕ್ಷಿ ತಯಾರಿಸಲು ಎರಡು ವರ್ಷ ಬೇಕಾಯಿತು ನೋಡಿ ಇವರಿಗೆ.

ಸೆಪಿಯಾ ಹಣೆ ಚಚ್ಚಿಕೊಂಡಳು. "ಹಣ್ಣು ಬಿಡದಿದ್ರೆ ಕಳ್ಳಿ. ಬಿಟ್ರೆ ಇನ್ನೂ ದೊಡ್ಡ ಕಳ್ಳಿ. ನಾನೇನು ಮಾಡ್ಲಿ ಹೇಳೇ, ನಾನೇ ರಂಬುಟಾನ್ ಆಗಿ ಮರದಲ್ಲಿ ನೇತಾಡ್ಲಾ?"

ಅದೇ ವಾರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಬಸ್ಸಿಳಿದು ಒಬ್ಬ ಹೆಂಗಸು ಬಂದಳು. ನಲವತ್ತೈದರ ತಮಿಳು ಹೆಂಗಸು, ಹತ್ತಿ ಸೀರೆ, ಎದೆಗವಚಿಕೊಂಡ ಪ್ಲಾಸ್ಟಿಕ್ ಫೈಲು. ಫೈಲು ಕಂಡದ್ದೇ ಸೆಪಿಯಾಳ ಮೈ ಉರಿಯಿತು. ಫೈಲು ಹಿಡಿದು ಬಂದವರೆಲ್ಲ ಅವಳ ಪಾಲಿಗೆ ಒಂದೇ.

"ಪತ್ರಿಕೆಯೋಳಾ, ಫೋನ್‌ನಲ್ಲಿ ಚಿತ್ರ ಹಾಕೋಳಾ? ಯಾವುದಾದ್ರೂ ಸರಿ, ಬಂದ ದಾರಿ ಹಿಡಿ."

"ನಾನು ತಿಲಗಾ. ಕ್ಲಾಂಗ್‌ನಲ್ಲಿ ಶಾಲೆ ಕ್ಯಾಂಟೀನ್ ನಡೆಸ್ತೀನಿ" ಎಂದಳು ಆ ಹೆಂಗಸು. "ನನ್ನ ಗಂಡ ಮೂವತ್ನಾಲ್ಕನೇ ಸಾಲಲ್ಲಿ ಕೂತಿದ್ರು."

ಸೆಪಿಯಾಳ ಕೈಯಲ್ಲಿದ್ದ ಪೊರಕೆ ಕೆಳಗಿಳಿಯಿತು. ಹಿತ್ತಿಲ ಕಡೆಯ ಮೆಟ್ಟಿಲ ಮೇಲೆ ಜಾಗ ಒರೆಸಿ ಕೂರಿಸಿದಳು. ನೀರು ತಂದಳು. ತಿಲಗಾಳ ಗಂಡ ಶಿವನೇಸನ್ ಹಡಗುಕಟ್ಟೆಯ ಕ್ರೇನು ರಿಪೇರಿ ಮಾಡುವವನು, ದುಬೈಯಲ್ಲಿ ಎರಡು ವರ್ಷದ ಕೆಲಸ ಸಿಕ್ಕಿ ಹೊರಟಿದ್ದ. ಫೈಲಿನಲ್ಲಿ ಅವನ ಫೋಟೋ ಒಂದು, ಉಳಿದದ್ದೆಲ್ಲ ಅಂತರ್ಜಾಲದಿಂದ ಅಚ್ಚು ಹಾಕಿಸಿದ ಹಾಳೆಗಳು. ಅದರಲ್ಲಿ ಪೊರಕೆ ಹಿಡಿದ ಸೆಪಿಯಾಳೂ ಇದ್ದಳು.

"ಬಯ್ಯೋಕೆ ಬಂದಿಲ್ಲ ಕಾಕ್. ಯಾರಿಗೂ ಹೇಳಲ್ಲ. ನನಗೊಬ್ಬಳಿಗೆ ನಿಜ ಹೇಳಿ. ಪೆಟ್ಟಿಗೇಲಿ ಏನಿತ್ತು?"

ಅವಳ ತಲೆಯ ಮೇಲೆಯೇ ಗೊಂಚಲು ಗೊಂಚಲಾಗಿ ಕೆಂಪು ತೂಗುತ್ತಿತ್ತು. ಸೆಪಿಯಾ ಕೊಂಬೆಯತ್ತ ಕೈ ಚಾಚಿದಳು.

"ತಲೆ ಎತ್ತಿ ನೋಡಮ್ಮಾ! ರಂಬುಟಾನ್! ಇನ್ನೇನಿರುತ್ತೆ ನನ್ನ ಹತ್ರ? ಮುಳ್ಳುಮುಳ್ಳಾಗಿ, ಕೆಂಪಗೆ, ಒಳಗೆ ಬಿಳೀ ತಿರುಳು. ರಂಬುಟಾನ್!"

ತಿಲಗಾ ತಲೆ ಎತ್ತಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ಅವಳ ಮುಖ ಬಾಡಿತು.

"ಮೊದಲ ವರ್ಷ ಬ್ಯಾಟರಿ ಅಂದ್ರು. ಬ್ಯಾಟರಿ ಹೊತ್ಕೊಂಡ್ರೆ ಹೊಗೆ, ಹೊಗೆಯಲ್ಲಿ ನಿದ್ದೆ ಬಂದುಬಿಡುತ್ತಂತೆ, ಅವರಿಗೆ ಏನೂ ಗೊತ್ತಾಗಿರಲ್ಲ ಅಂತ ಸಮಾಧಾನ ಮಾಡ್ಕೊಂಡೆ. ಆಮೇಲೆ ಚಿನ್ನ ಅಂದ್ರು. ಚಿನ್ನ ಅಂದ್ರೆ ಕಳ್ಳರು, ಕಳ್ಳರಾದ್ರೆ ಎಲ್ಲೋ ಇಳಿಸಿರ್ತಾರೆ, ಯಾವುದೋ ದ್ವೀಪದಲ್ಲಿ ಬದುಕಿರ್ತಾರೆ ಅಂತ ಇನ್ನೊಂದು ವರ್ಷ ಹೋಯ್ತು. ಈಗ ನೀವು ರಂಬುಟಾನ್ ಅಂದುಬಿಟ್ರೆ ನಾನೆಲ್ಲಿಗೆ ಹೋಗ್ಲಿ ಕಾಕ್?"

ಸೆಪಿಯಾ ಈ ತನಕ ಕತೆ ಕಟ್ಟುವವರನ್ನೆಲ್ಲ ಮಾಡಲು ಕೆಲಸವಿಲ್ಲದವರೆಂದು ಬಯ್ದುಕೊಂಡು ಬಂದಿದ್ದಳು. ಆ ಕತೆಗಳ ಮೇಲೆ ಒಬ್ಬಳು ಎರಡು ವರ್ಷ ಮಲಗಿ ಎದ್ದಿರಬಹುದೆಂದು ಹೊಳೆದಿರಲಿಲ್ಲ. ಒಂದು ಪೆಟ್ಟಿಗೆ ಸ್ವಲ್ಪ ಭಾರವಿತ್ತು ಎಂದು ಬೆದಾಳ ಹಾಗೆ ಹೇಳಿಬಿಟ್ಟರೆ ಈಕೆ ನೆಮ್ಮದಿಯಾಗಿ ಬಸ್ಸು ಹತ್ತುತ್ತಾಳೆ ಎಂಬ ಯೋಚನೆ ಬಂದದ್ದೂ ನಿಜ.

"ಸುಳ್ಳು ಹೇಳಲಾರೆ ಕಣೇ" ಎಂದಳು ಕೊನೆಗೆ. "ಹೇಳಿದ್ರೆ ನಿನಗೆ ಇನ್ನೊಂದು ವರ್ಷ ಸಿಗಬಹುದು, ಅಷ್ಟೇ. ಅದು ಮುಗಿದ ಮೇಲೆ ಮತ್ತೆ ಇಲ್ಲಿಗೇ ಬರ್ತೀಯ."

ತಿಲಗಾ ಅತ್ತಳು. ಸೆಪಿಯಾ ಪಕ್ಕದಲ್ಲಿ ಕೂತಿದ್ದಳು. ಅತ್ತು ಮುಗಿದ ಮೇಲೆ ಊಟಕ್ಕೆ ಎಬ್ಬಿಸಿದಳು. ಗಬ್ಬೆನ್ನುವ ಡೂರಿಯನ್ ಹಣ್ಣನ್ನು ಹುಳಿಹಿಡಿಸಿ ಹಾಕಿದ ಮೀನಿನ ಸಾರಿನ ಮುಚ್ಚಳ ತೆಗೆದದ್ದೇ ತಿಲಗಾ ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಸೆಪಿಯಾ ಗೊಣಗುತ್ತ ಎರಡು ಮೊಟ್ಟೆ ಕರಿದು ಹಾಕಿದಳು. ಊಟವಾದ ಮೇಲೆ ಮರದ ಹತ್ತಿರ ಕರೆದೊಯ್ದು, ಎಲ್ಲಿ ಸುಲಿಯುವುದು, ಎಷ್ಟು ಸುಲಿಯುವುದು, ಯಾಕೆ ಹೂ ಬರುತ್ತದೆ ಎಂದು ಬೆರಳಿಟ್ಟು ತೋರಿಸಿದಳು. ತಿಲಗಾ ಒಂದು ಹಣ್ಣು ಸುಲಿದು ಬಾಯಿಗೆ ಹಾಕಿಕೊಂಡಳು.

"ಹುಳಿ."

"ಹುಳಿಯಾ! ದುಬೈಯವರು ತಿಂದ ಹಣ್ಣು ಕಣೇ ಅದು!"

"ಹುಳಿ ಇದ್ರೆ ಹುಳಿ ಅನ್ಬೇಡ್ವಾ? ನಿಜ ಹೇಳ್ಬೇಕು ಅಂತ ನೀವೇ ತಾನೇ ಅಂದಿದ್ದು?"

ನಾಲ್ಕು ಗಂಟೆಯ ಬಸ್ಸಿಗೆ ಅವಳನ್ನು ಹತ್ತಿಸುವಾಗ ಸೆಪಿಯಾ ಒಂದು ಚೀಲ ಹಣ್ಣು ಮಡಿಲಿಗೆ ತುರುಕಿದಳು, ಬೇರೆ ಮರದ್ದು.

ಅಲ್ಲಿಂದ ಪ್ರತಿ ಗುರುವಾರ ಫೋನ್ ಬರತೊಡಗಿತು. ತಿಲಗಾ ನಂಬಿದಳೆಂದು ಹೇಳಲಾರೆ. ಪೆಟ್ಟಿಗೆಯ ವಿಷಯ ಬಿಟ್ಟಳು, ಅಷ್ಟೇ. "ಕಾಕ್, ಒಬ್ಬ ಹೇಳ್ತಾನೆ, ವಿಮಾನ ದಕ್ಷಿಣಕ್ಕೆ ತಿರುಗಿತ್ತಂತೆ..." ಎಂದು ಶುರುಮಾಡಿದರೆ ಸೆಪಿಯಾ, "ಅವನು ತೈಪಿಂಗ್‌ನಲ್ಲಿ ಸ್ಪಾರ್ಕ್ ಪ್ಲಗ್ ಮಾರ್ತಾನೆ! ಅವನಿಗೆ ದಕ್ಷಿಣ ಯಾವ ಕಡೆ ಅಂತ ಗೊತ್ತಾ?" ಎಂದು ಕೂಗುತ್ತಿದ್ದಳು. ಆಮೇಲೆ ಇಬ್ಬರೂ ಕ್ಯಾಂಟೀನಿನ ಎಣ್ಣೆ ಬೆಲೆಯ ಮಾತಿಗೆ, ತಿಲಗಾಳ ಮಗಳ ಪರೀಕ್ಷೆಯ ಮಾತಿಗೆ ಇಳಿಯುತ್ತಿದ್ದರು. ಒಂದು ಗುರುವಾರ ಫೋನ್ ಬರದಿದ್ದರೆ ಸೆಪಿಯಾಳೇ, "ನೋಡೇ ಹಸ್ನಿಜಾ, ಆ ಹುಚ್ಚಿಗೆ ಏನಾಯ್ತು ಅಂತ" ಎನ್ನುತ್ತಿದ್ದಳು.

ವಿಮಾನ ಹೋದ ನಾಲ್ಕನೆಯ ವರ್ಷ ತನಿಖಾ ವರದಿ ಬಂತು. ನಾನೂರು ಪುಟ. ವಿಮಾನ ಎಲ್ಲಿ ಹೋಯಿತು, ಯಾಕೆ ಹೋಯಿತು, ತಿಳಿದಿಲ್ಲ ಎಂಬುದೇ ಅದರ ಸಾರ. ಇನ್ನೂರ ಎಪ್ಪತ್ತನೆಯ ಪುಟದಲ್ಲಿ ನಾಲ್ಕು ಸಾಲು: ಸರಕಿನಲ್ಲಿದ್ದ ಹಣ್ಣಿನ ಮೂಲವನ್ನು ಪರಿಶೀಲಿಸಲಾಯಿತು, ಅಕಾಲದ ಬೆಳೆ ದೃಢಪಟ್ಟಿದೆ, ಅನುಮಾನಕ್ಕೆ ಆಸ್ಪದವಿಲ್ಲ. ಹಸ್ನಿಜಾ ಆ ಪುಟವನ್ನು ಶಾಲೆಯಲ್ಲಿ ಅಚ್ಚು ಹಾಕಿಸಿ ತಂದಳು. ಸೆಪಿಯಾ ಅದನ್ನು ಹಿಡಿದು ಕಾಫಿ ಅಂಗಡಿಗೆ ಹೋಗಿ ಆಂಡಾಕನ ಚಹಾ ಲೋಟದ ಕೆಳಗಿಟ್ಟಳು. ಅವನು ಕನ್ನಡಕ ಏರಿಸಿ ಎರಡು ಸಲ ಓದಿದ.

"ನಾನು ಮೊದಲಿಂದ ಇದನ್ನೇ ಹೇಳ್ತಿರ್ಲಿಲ್ವಾ ಕಾಕ್? ನಾನೇ ತಿಂದಿದ್ನಲ್ಲ!"

ಸುತ್ತ ಕೂತವರು ಅಷ್ಟೇ ಗಂಭೀರವಾಗಿ ತಲೆಯಾಡಿಸಿದರು. ಅವನ ಲೋಟದ ಚಹಾವನ್ನು ಅವನ ತಲೆಯ ಮೇಲೆ ಸುರಿಯದೆ ಬಂದದ್ದು ತನ್ನ ಜೀವನದ ದೊಡ್ಡ ತಾಳ್ಮೆಯೆಂದು ಸೆಪಿಯಾ ಈಗಲೂ ಹೇಳುತ್ತಾಳೆ.

ಐದನೆಯ ವರ್ಷದ ನೆನಪಿನ ಸಭೆ ಕೌಲಾಲಂಪುರದಲ್ಲಿ ನಡೆಯಿತು. ತಿಲಗಾ ಬಲವಂತ ಮಾಡಿ ಕರೆದಳು. ದೊಡ್ಡ ಸಭಾಂಗಣ, ಇನ್ನೂರ ಹನ್ನೊಂದು ಹೆಸರು ಓದಿದರು, ಬಿಳಿ ಹೂ ಇಟ್ಟರು. ಶಿವನೇಸನ್ ಹೆಸರು ಬಂದಾಗ ತಿಲಗಾ ಸೆಪಿಯಾಳ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಉಂಗುರ ಒತ್ತಿ ಗುರುತಾಯಿತು. ಹೊರಗೆ ಬರುತ್ತಿದ್ದಂತೆ ಯಾರೋ ಸೆಪಿಯಾಳ ಗುರುತು ಹಿಡಿದರು. ಮೈಕು ಮುಂದೆ ಬಂತು. ಚಿಕ್ಕ ವಯಸ್ಸಿನ ವರದಿಗಾರ, ವಿಮಾನ ಹೋದಾಗ ಶಾಲೆಯಲ್ಲಿದ್ದಿರಬೇಕು.

"ಓಪಾ, ಇಷ್ಟು ವರ್ಷದ ಮೇಲಾದ್ರೂ ಹೇಳ್ತೀರಾ, ಆ ಪೆಟ್ಟಿಗೆಗಳಲ್ಲಿ ನಿಜವಾಗಿ..."

ಸೆಪಿಯಾ ಬಾಯಿ ತೆರೆಯುವ ಮೊದಲೇ ತಿಲಗಾ ಅವನ ಮೈಕನ್ನು ಹಿಡಿದಳು. ಅವಳ ಕುತ್ತಿಗೆಯಲ್ಲಿ ಗಂಡನ ಫೋಟೋ ನೇತಾಡುತ್ತಿತ್ತು.

"ರಂಬುಟಾನ್ ಕಣಪ್ಪಾ! ಎಷ್ಟು ಸಲ ಹೇಳ್ಬೇಕು ನಿಮಗೆಲ್ಲ? ಸತ್ತೋರ ಮನೆಯೋಳು ನಾನು, ನಾನೇ ಹೋಗಿ ನೋಡಿದೀನಿ, ತಿಂದಿದೀನಿ. ರಂಬುಟಾನ್! ಸ್ವಲ್ಪ ಹುಳಿ, ಅಷ್ಟೇ!"

ವರದಿಗಾರ ಹಿಂದೆ ಸರಿದ. ಸೆಪಿಯಾ ಬೆರಗಾಗಿ ನಿಂತಿದ್ದಳು. ನಗುವೂ ಬಂತು, ಕಣ್ಣೂ ಉರಿಯಿತು.

ಊಟಕ್ಕೆ ಬ್ರಿಕ್‌ಫೀಲ್ಡ್ಸ್‌ನ ಒಂದು ಬಾಳೆಎಲೆ ಹೋಟೆಲಿಗೆ ಹೋದರು. ಅನ್ನದ ಮೇಲೆ ಸಾಂಬಾರು ಬಿದ್ದು, ಹಪ್ಪಳ ಮುರಿದು, ನಾಲ್ಕು ತುತ್ತು ಒಳಗೆ ಹೋದ ಮೇಲೆ ತಿಲಗಾ ಅತ್ತಿತ್ತ ನೋಡಿ ದನಿ ತಗ್ಗಿಸಿದಳು.

"ಆದ್ರೂ ಕಾಕ್, ಆ ಎರಡನೇ ಪೈಲಟ್ ಹೊರಡೋ ಹಿಂದಿನ ದಿನ ಮನೆ ಬೀಗ ಬದಲಾಯಿಸಿದ್ನಂತೆ..."

"ತಿಲಗಾ."

"ಇಲ್ಲ, ಯಾರೋ ಬರ್ದಿದ್ರು, ಅದಕ್ಕೇ..."

"ಬಾಯ್ಮುಚ್ಕೊಂಡು ಊಟ ಮಾಡೇ" ಎಂದು ಸೆಪಿಯಾ ತನ್ನ ಎಲೆಯ ಹಪ್ಪಳವನ್ನು ಎತ್ತಿ ಅವಳ ಎಲೆಗೆ ಹಾಕಿದಳು.